ಒಬ್ಬರೇ ಹಡಗು ಹತ್ತಿ ಅಟ್ಲಾಂಟಿಕ್ ದಾಟುವವರಿಗೆ

ವಿಮಾನ ಬಿಟ್ಟು ಹಡಗಿನಲ್ಲಿ, ಅದೂ ಜೊತೆಗಾರರಿಲ್ಲದೆ, ಅಟ್ಲಾಂಟಿಕ್ ದಾಟುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಹೆಚ್ಚಿನವರು ಕೇಳಿರುವುದು ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಹೋಗುವ ಕ್ಯೂನಾರ್ಡ್ ಕಂಪನಿಯ ‘ಕ್ವೀನ್ ಮೇರಿ 2’ ಹಡಗಿನ ಬಗ್ಗೆ. ಈ ದಾರಿಯಲ್ಲಿ ವೇಳಾಪಟ್ಟಿ ಹಾಕಿಕೊಂಡು ಓಡಾಡುವ ಪ್ರಯಾಣಿಕರ ಹಡಗು ಇವತ್ತು ಅದೊಂದೇ. ಹಾಗಾಗಿ ಉತ್ತರಗಳೂ ಅದನ್ನೇ ಹಿಡಿದು ಸಾಗಿವೆ.

ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಲಂಡನ್‌ವರೆಗೆ ವಿಮಾನ, ಅಲ್ಲಿಂದ ಹಡಗು ಎಂದುಕೊಂಡಿದ್ದೇನೆ. ಆದರೆ ಒಬ್ಬಳಿಗೇ ಇಬ್ಬರ ದುಡ್ಡು ಕೇಳುತ್ತಿದ್ದಾರೆ. ಇದು ಸರಿಯೇ? — ನಿವೃತ್ತ ಉಪನ್ಯಾಸಕಿ, ಧಾರವಾಡ

ನಿಮಗೆ ಮೋಸವೇನೂ ಆಗುತ್ತಿಲ್ಲ, ಹಡಗಿನವರ ಲೆಕ್ಕವೇ ಹಾಗೆ. ಜಾಹೀರಾತಿನಲ್ಲಿ ಕಾಣುವ ದರ ಒಂದು ಕ್ಯಾಬಿನ್ನಿನಲ್ಲಿ ಇಬ್ಬರಿದ್ದಾಗ ತಲಾ ಎಷ್ಟು ಎಂಬುದು. ಒಬ್ಬರೇ ಹಿಡಿದರೆ ಸಾಮಾನ್ಯವಾಗಿ ಆ ದರದ ಶೇ 175ರಿಂದ 200ರಷ್ಟು ಕೊಡಬೇಕು. ತಲಾ 1,000 ಪೌಂಡ್ ಎಂದು ಬರೆದಿದ್ದರೆ ನಿಮಗೆ ಬೀಳುವುದು 1,750ರಿಂದ 2,000.

2016ರಲ್ಲಿ ಹಡಗನ್ನು ನವೀಕರಿಸಿದಾಗ ಒಬ್ಬರಿಗೆಂದೇ 15 ಕ್ಯಾಬಿನ್ ಸೇರಿಸಿದರು. ಹಡಗಿನ ಕೆಳ ಅಂತಸ್ತುಗಳಲ್ಲಿ, ನಡುಭಾಗಕ್ಕೆ ಹತ್ತಿರದಲ್ಲಿವೆ. ದೊಡ್ಡ ಕಿಟಕಿ ಇದೆ, ಬಾಲ್ಕನಿ ಇಲ್ಲ. ಇರುವುದೇ 15 ಆದ್ದರಿಂದ ವರ್ಷದ ಮುಂಚೆಯೇ ಖಾಲಿಯಾಗುವುದುಂಟು. ಒಂಟಿ ಕ್ಯಾಬಿನ್ ಎಂದರೆ ಅಗ್ಗ ಎಂದುಕೊಳ್ಳಬೇಡಿ. ಕಿಟಕಿಯಿಲ್ಲದ ಒಳ ಕ್ಯಾಬಿನ್ನಿಗೆ ಇಬ್ಬರ ದುಡ್ಡನ್ನು ಪೂರ್ತಿ ಕೊಟ್ಟರೂ ಅದೇ ಕಡಿಮೆಯಾಗುವ ತಾರೀಖುಗಳಿವೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಊಟ, ತಿಂಡಿ, ಸಂಜೆಯ ಚಹಾ, ನಾಟಕ, ಉಪನ್ಯಾಸ, ಗ್ರಂಥಾಲಯ ಎಲ್ಲ ಟಿಕೆಟ್ಟಿನಲ್ಲೇ ಬಂತು. ಮದ್ಯ, ಬಾಟಲಿ ಪಾನೀಯ, ಇಂಟರ್ನೆಟ್ಟಿಗೆ ಬೇರೆ ದುಡ್ಡು. ದಿನಕ್ಕಿಷ್ಟು ಎಂದು ಸೇವಾಶುಲ್ಕವೂ ಡಾಲರಿನಲ್ಲಿ ನಿಮ್ಮ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ.

ಅಮೆರಿಕದ ವೀಸಾ ಇದೆ. ಬ್ರಿಟನ್ನಿನಲ್ಲಿ ಇಳಿದು ಹಡಗು ಹತ್ತುವುದಷ್ಟೇ. ಅದಕ್ಕೂ ವೀಸಾ ಬೇಕೇ? — ಮೈಸೂರು

ಬೇಕು. ಲಂಡನ್ನಿನ ಹೀತ್ರೂ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ನೀವು ಬ್ರಿಟನ್ ಪ್ರವೇಶಿಸಿದಂತೆ. ನಿಲ್ದಾಣದೊಳಗೇ ವಿಮಾನ ಬದಲಿಸುವವರಿಗೆ ಕೊಡುವ ಟ್ರಾನ್ಸಿಟ್ ವೀಸಾ ಇಲ್ಲಿ ನಡೆಯುವುದಿಲ್ಲ. ಗಡಿ ದಾಟಿ 48 ಗಂಟೆಯೊಳಗೆ ದೇಶ ಬಿಡುವವರಿಗೆ ಇನ್ನೊಂದು ಟ್ರಾನ್ಸಿಟ್ ವೀಸಾ ಇದೆ. ಅದನ್ನೂ ತೆಗೆದುಕೊಳ್ಳಿ ಎಂದು ನಾವು ಹೇಳುವುದಿಲ್ಲ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ, ಆದ್ದರಿಂದ ಎರಡು ದಿನ ಮುಂಚೆಯಾದರೂ ಇಂಗ್ಲೆಂಡ್ ತಲುಪಿರಬೇಕು. ಹಡಗೇ ತಡವಾಗಿ ಹೊರಟರೆ ಆ 48 ಗಂಟೆ ಮೀರಿಹೋಗುತ್ತದೆ. ಸಾಮಾನ್ಯ ಸಂದರ್ಶಕ ವೀಸಾ ತೆಗೆದುಕೊಳ್ಳಿ.

ಅಮೆರಿಕದ ವೀಸಾ ಕೈಗೆ ಬಾರದೆ ಹಡಗಿನ ಟಿಕೆಟ್ಟಿಗೆ ಪೂರ್ತಿ ದುಡ್ಡು ಕಟ್ಟಲೇಬೇಡಿ. ಭಾರತದ ಪಾಸ್‌ಪೋರ್ಟಿನವರಿಗೆ ಅಲ್ಲಿ ವೀಸಾ ವಿನಾಯಿತಿ ಇಲ್ಲ, ವೀಸಾ ತೋರಿಸದಿದ್ದರೆ ಸೌತಾಂಪ್ಟನ್ನಿನಲ್ಲೇ ತಡೆಯುತ್ತಾರೆ. ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೂ ಒಂದು ಮಾತು: 2025ರ ಜನವರಿಯಿಂದ ನೀವು ಬ್ರಿಟನ್ನಿಗೆ ಹೋಗಲು ಇಟಿಎ ಎಂಬ ಮುಂಗಡ ಅನುಮತಿ ಪಡೆಯಬೇಕು.

ಚಾರ್ಮಾಡಿ ಘಾಟಿಯಲ್ಲೇ ನನಗೆ ವಾಂತಿಯಾಗುತ್ತದೆ. ಸಮುದ್ರದ ಮೇಲೆ ಏಳು ದಿನ ಹೇಗೆ? ಯಾವ ಕ್ಯಾಬಿನ್ ತೆಗೆದುಕೊಳ್ಳಲಿ? — ಚಿಕ್ಕಮಗಳೂರು

ಘಾಟಿ ಆಗದವರಿಗೆಲ್ಲ ಸಮುದ್ರವೂ ಆಗದು ಎಂದೇನಿಲ್ಲ. ಆದರೂ ಆಗಬಹುದು ಎಂದೇ ತಯಾರಾಗಿ ಹೋಗಿ.

ಹಡಗಿನ ಅಲುಗಾಟದಲ್ಲಿ ಮುಖ್ಯವಾಗಿ ಎರಡು ಬಗೆ. ಎಡಕ್ಕೂ ಬಲಕ್ಕೂ ವಾಲುವುದು ಒಂದು, ಮೂತಿ ಮೇಲೆದ್ದು ಕೆಳಗಿಳಿಯುವುದು ಇನ್ನೊಂದು. ನೀರಿನೊಳಗೆ ಚಾಚಿಕೊಂಡಿರುವ ಸ್ಥಿರಕಾರಿ ರೆಕ್ಕೆಗಳು ಮೊದಲನೆಯದನ್ನು ಬಹುಮಟ್ಟಿಗೆ ತಗ್ಗಿಸುತ್ತವೆ, ಎರಡನೆಯದಕ್ಕೆ ಅವು ಏನೂ ಮಾಡಲಾರವು. ಉತ್ತರ ಅಟ್ಲಾಂಟಿಕ್‌ನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಹಾಗಾಗಿ ನ್ಯೂಯಾರ್ಕಿನ ಕಡೆ ಹೋಗುವ ಹಡಗು ಅಲೆಗೆ ಎದುರಾಗಿ ಸಾಗುತ್ತದೆ, ಮೂತಿ ಏಳುವುದು ಬೀಳುವುದು ಜಾಸ್ತಿ. ಏತದ ಮರದಂತೆ ತುದಿಗಳೇ ಹೆಚ್ಚು ಆಡುತ್ತವೆ, ನಡು ಅಷ್ಟಾಗಿ ಆಡುವುದಿಲ್ಲ. ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳ ಅಂತಸ್ತು, ಇವೆರಡೂ ಕೂಡುವ ಕ್ಯಾಬಿನ್ ಕೇಳಿ. ಮೇಲಿನ ಅಂತಸ್ತಿನ ಬಾಲ್ಕನಿಗೆ ಹೆಚ್ಚು ದುಡ್ಡು ಕೊಟ್ಟವರೇ ಹೆಚ್ಚು ತೂಗುತ್ತಾರೆ. ಕ್ಯಾಬಿನ್ ಯಾವುದೆಂದು ಕಂಪನಿಯೇ ಆಮೇಲೆ ಹೇಳುವ ಅಗ್ಗದ ಟಿಕೆಟ್ ನಿಮಗೆ ಬೇಡ, ಮೂತಿಯ ತುದಿಯ ಕ್ಯಾಬಿನ್ನೇ ಸಿಕ್ಕೀತು.

ಧೈರ್ಯ ಕೊಡುವ ಮಾತೂ ಇದೆ. 2004ರಲ್ಲಿ ಸೇವೆಗಿಳಿದ ಈ ಹಡಗನ್ನು ಕಟ್ಟಿದ್ದೇ ಈ ಸಾಗರಕ್ಕಾಗಿ. 345 ಮೀಟರ್ ಉದ್ದ, ನೀರಿನೊಳಗೆ ಸುಮಾರು 10 ಮೀಟರ್ ಆಳ, ಅಲೆ ಸೀಳುವ ಉದ್ದನೆಯ ಚೂಪು ಮೂತಿ. ಏಳು ರಾತ್ರಿಯ ವೇಳಾಪಟ್ಟಿಗೆ 20 ನಾಟ್‌ನ (ಗಂಟೆಗೆ ಸುಮಾರು 37 ಕಿ.ಮೀ.) ಆಸುಪಾಸಿನ ವೇಗ ಸಾಕು, ಹಡಗಿಗೆ 30ರ ಹತ್ತಿರ ಹೋಗುವ ಶಕ್ತಿಯಿದೆ. ಬಿರುಗಾಳಿ ಕಂಡರೆ ಸುತ್ತು ಹಾಕಿ, ಕಳೆದ ಹೊತ್ತನ್ನು ವೇಗದಿಂದ ತುಂಬಿಸಿಕೊಳ್ಳಲು ಕ್ಯಾಪ್ಟನ್‌ಗೆ ಅವಕಾಶವಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಸಮುದ್ರ ಸಾಮಾನ್ಯವಾಗಿ ಶಾಂತ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿ ಬಿಸಿ ಗಲ್ಫ್ ಸ್ಟ್ರೀಮೂ ತಣ್ಣನೆಯ ಲ್ಯಾಬ್ರಡಾರ್ ಪ್ರವಾಹವೂ ಸೇರುವಲ್ಲಿ ಮಂಜು ಕವಿಯುತ್ತದೆ, ಅಷ್ಟೆ. ನವೆಂಬರ್, ಡಿಸೆಂಬರ್ ನಿಮಗೆ ಬೇಡ.

ಮಾತ್ರೆಯನ್ನು ಹೊಟ್ಟೆ ತೊಳಸುವ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಒಳಗೆ ನಿಲ್ಲುವುದಿಲ್ಲ. ಸಿನ್ನರಿಜಿನ್, ಪ್ರೊಮೆಥಜಿನ್ ಎರಡೂ ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ. ಅಮೆರಿಕದಲ್ಲಿ ಸಿನ್ನರಿಜಿನ್ ಮಾರುವುದೇ ಇಲ್ಲ, ವಾಪಸ್ಸೂ ಹಡಗಿನಲ್ಲೇ ಬರುವವರು ಇಲ್ಲಿಂದಲೇ ಒಯ್ಯಬೇಕು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು, 60 ದಾಟಿದವರು ವೈದ್ಯರನ್ನು ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳಿ. ಇವು ತೂಕಡಿಕೆ ತರುತ್ತವೆ. ತೂಕಡಿಸುತ್ತಾ ಅಲುಗಾಡುವ ಸ್ನಾನದ ಮನೆಯಲ್ಲಿ ಬಿದ್ದರೆ, ಒಬ್ಬರೇ ಇರುವವರನ್ನು ಎತ್ತಲು ಯಾರೂ ಇರುವುದಿಲ್ಲ. ಊರಲ್ಲೇ ಒಂದು ಭಾನುವಾರ ಒಂದು ಮಾತ್ರೆ ನುಂಗಿ, ಮೈ ಹೇಗೆ ಒಗ್ಗುತ್ತದೆ ನೋಡಿಕೊಂಡು ಹೊರಡಿ.

ಹೊಟ್ಟೆ ಖಾಲಿ ಬಿಡಬೇಡಿ. ಒಣ ಬಿಸ್ಕತ್ತು, ಬ್ರೆಡ್ಡು, ಹಸಿರು ಸೇಬು, ಶುಂಠಿ ಸಾಕು. ಮೊಬೈಲ್ ನೋಡುವುದು ಬಿಟ್ಟು ಹೊರಗೆ ಹೋಗಿ ದಿಗಂತ ನೋಡುತ್ತಾ ನಿಂತರೆ ಬೇಗ ಸುಧಾರಿಸುತ್ತದೆ. ಲಿಫ್ಟಿನ ಬಳಿ ಕಾಗದದ ಚೀಲ ಇಟ್ಟಿದ್ದು ಕಂಡರೆ ಇಂದು ಸಮುದ್ರ ಜೋರು ಎಂದೇ ಅರ್ಥ. ಅಂಥ ದಿನ ಕೈ ಯಾವಾಗಲೂ ಕಂಬಿಯ ಮೇಲಿರಲಿ, ಬಾಗಿಲಿನ ಸಂದಿಯಲ್ಲಿ ಬೆರಳು ಇಡಬೇಡಿ. ಭಾರದ ಬಾಗಿಲು ತಾನಾಗಿ ಹೊಡೆದುಕೊಳ್ಳುತ್ತದೆ. ರಾತ್ರಿ ಕಪಾಟಿನಲ್ಲಿ ಹ್ಯಾಂಗರುಗಳು ಟಕಟಕ ಎಂದು ನಿದ್ದೆ ಕೆಡಿಸಿದರೆ ನಡುವೆ ಒಂದು ಟವಲ್ ತುರುಕಿ.

ಜೆಟ್ ಲ್ಯಾಗ್ ಇರುವುದಿಲ್ಲವಂತೆ, ನಿಜವೇ? — ಹಾಸನ

ನಿಜ, ಸಮಯದ ವ್ಯತ್ಯಾಸಕ್ಕೆ ಮೈ ನಿಧಾನವಾಗಿ ಒಗ್ಗುತ್ತದೆ. ನ್ಯೂಯಾರ್ಕ್ ಕಡೆಗೆ ಹೋಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ಇಡುತ್ತಾರೆ, ಆ ದಿನಗಳಿಗೆ 25 ಗಂಟೆ. ವಾಪಸ್ ಬರುವಾಗ ಸಾಮಾನ್ಯವಾಗಿ ಹಗಲು 12ಕ್ಕೆ ಗಡಿಯಾರವನ್ನು 1ಕ್ಕೆ ತಿರುಗಿಸುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರು ಈ ವಿಷಯವನ್ನು ಮೊದಲೇ ವೈದ್ಯರಿಗೆ ಹೇಳಿ, ಏಳು ದಿನದ ಹೊತ್ತುಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ನಾವು ಮೊಟ್ಟೆಯನ್ನೂ ತಿನ್ನದವರು. ಅವಲಕ್ಕಿ ಕಟ್ಟಿಕೊಂಡೇ ಹೋಗಬೇಕೆ? — ಉಡುಪಿ

ಹಸಿವಿನಿಂದ ಇರಬೇಕಾಗಿಲ್ಲ. ಟಿಕೆಟ್ ಮಾಡಿಸುವಾಗಲೇ ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡವೆಂದು ಬರೆಸಿ. ಬರಿ ‘ವೆಜಿಟೇರಿಯನ್’ ಎಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ಬರುತ್ತದೆ. ಹತ್ತಿದ ದಿನವೇ ಊಟದ ಕೋಣೆಯ ಮೇಲ್ವಿಚಾರಕರನ್ನು ಕಂಡು ನೆನಪಿಸಿ, ಮರುದಿನಕ್ಕೆ ಏನು ಬೇಕೆಂದು ಹಿಂದಿನ ರಾತ್ರಿಯೇ ಹೇಳಿಡಿ. ಮುಂಚೆ ಹೇಳಿದವರಿಗೆ ಅನ್ನ, ಬೇಳೆ, ಪಲ್ಯದಂಥದ್ದನ್ನು ಮಾಡಿಕೊಡುವುದುಂಟು.

ಎಡವುವುದು ಸಣ್ಣಪುಟ್ಟ ಪದಾರ್ಥಗಳಲ್ಲಿ. ತರಕಾರಿ ಸೂಪಿಗೆ ಕೋಳಿಯ ಸಾರು, ಜೆಲ್ಲಿ ಮತ್ತು ಮೂಸ್‌ಗೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್, ಪಾರ್ಮೆಸಾನ್ ಚೀಸ್‌ಗೆ ಕರುವಿನ ಹೊಟ್ಟೆಯ ರೆನೆಟ್, ವೂಸ್ಟರ್ ಸಾಸ್‌ಗೆ ಸಣ್ಣ ಮೀನು. ಈ ನಾಲ್ಕನ್ನು ಹೆಸರು ಹಿಡಿದೇ ಕೇಳಿ.

ಅವಲಕ್ಕಿ, ಚಟ್ನಿಪುಡಿ ಒಂದಿಷ್ಟು ಇಟ್ಟುಕೊಳ್ಳಿ, ಹಡಗಿನಲ್ಲೇ ಮುಗಿಸಿ. ಉಳಿದದ್ದನ್ನು ನ್ಯೂಯಾರ್ಕಿನ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಹಣ್ಣು, ಬೀಜ, ಕರಿಬೇವಿನ ಎಲೆ ಇಳಿಸುವಂತಿಲ್ಲ. ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಒಯ್ದರೆ ಬೆಂಕಿಯ ಭಯಕ್ಕೆ ಹತ್ತುವಾಗಲೇ ತೆಗೆದಿಡುತ್ತಾರೆ. ಬಟ್ಟೆ ಒಗೆಯಲು, ಇಸ್ತ್ರಿ ಮಾಡಲು ಹಡಗಿನಲ್ಲೇ ಜಾಗವಿದೆ, ದುಡ್ಡಿಲ್ಲ.

ಏಳು ದಿನ ಯಾರೊಂದಿಗೂ ಮಾತಿಲ್ಲದೆ ಇರಬೇಕಾಗುತ್ತದೆ ಎಂಬುದೇ ಅಳುಕು. ಹೆಂಗಸರಿಗೆ ಸುರಕ್ಷಿತವೇ? ಸೀರೆ ನಡೆಯುತ್ತದೆಯೇ? — ಬೆಂಗಳೂರು

ಊಟದ ಮೇಜನ್ನು ಮೊದಲೇ ಸರಿಮಾಡಿಕೊಂಡರೆ ಅರ್ಧ ಅಳುಕು ಹೋಯಿತು. ಕೇಳದಿದ್ದರೆ ಇಬ್ಬರ ಮೇಜಿನಲ್ಲಿ ಒಬ್ಬರನ್ನೇ ಕೂರಿಸಿಯಾರು. ಆರು ಅಥವಾ ಎಂಟು ಜನರ ಹಂಚಿಕೆಯ ಮೇಜು ಬೇಕೆಂದು ಟಿಕೆಟ್ಟಿನಲ್ಲೇ ನಮೂದಿಸಿ. ನಾಲ್ವರ ಮೇಜಿನಲ್ಲಿ ಎರಡು ಜೋಡಿಯ ನಡುವೆ ಸಿಕ್ಕಿಬಿದ್ದರೆ ಕಷ್ಟ. ಜೊತೆ ಹೊಂದದಿದ್ದರೆ ಎರಡನೇ ದಿನವೇ ಮೇಜು ಬದಲಿಸಲು ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಒಂಟಿ ಪ್ರಯಾಣಿಕರು ಸೇರುವ ಹೊತ್ತು, ಜಾಗ ದಿನದ ಕಾರ್ಯಕ್ರಮ ಪಟ್ಟಿಯಲ್ಲಿರುತ್ತದೆ. ಮೊದಲ ದಿನದ ಭೇಟಿ ತಪ್ಪಿಸಬೇಡಿ, ಗುಂಪು ಕಟ್ಟಿಕೊಳ್ಳುವುದು ಅಂದೇ.

ಏಳು ರಾತ್ರಿಯಲ್ಲಿ ಸಾಮಾನ್ಯವಾಗಿ ಎರಡು ಗಾಲಾ ಸಂಜೆಗಳು, ಅಂದರೆ ಎಲ್ಲರೂ ಸಿಂಗರಿಸಿಕೊಂಡು ಬರುವ ಸಂಜೆಗಳು. ರೇಷ್ಮೆ ಸೀರೆಗಿಂತ ಒಪ್ಪುವ ಉಡುಪು ಇನ್ನೊಂದಿಲ್ಲ. ಚಪ್ಪಲಿ ಮಾತ್ರ ಚಪ್ಪಟೆಯಾದದ್ದೇ ಇರಲಿ.

ಕ್ಯಾಬಿನ್ ನಂಬರನ್ನು ಅಪರಿಚಿತರಿಗೆ ಹೇಳಬೇಡಿ, ಒಳಗಿದ್ದಾಗ ಎರಡನೇ ಚಿಲಕವನ್ನೂ ಹಾಕಿ. ಹೊರಡುವ ಮುಂಚಿನ ಸುರಕ್ಷತಾ ಕವಾಯತಿನಲ್ಲಿ ನೀವು ಸೇರಬೇಕಾದ ಜಾಗ ತೋರಿಸುತ್ತಾರೆ. ಆಮೇಲೆ ಒಮ್ಮೆ, ಗೋಡೆ ಮುಟ್ಟುತ್ತಾ ಕ್ಯಾಬಿನ್ನಿನಿಂದ ಹತ್ತಿರದ ಮೆಟ್ಟಿಲಿಗೆ ಎಷ್ಟು ಬಾಗಿಲು ಎಂದು ಎಣಿಸಿ. ಹೊಗೆ ತುಂಬಿ ದೀಪ ಹೋದರೆ ದಾರಿ ತೋರಿಸುವುದು ಆ ಎಣಿಕೆಯೇ. ಏಳು ಗಿಡ್ಡ ಸೀಟಿಯ ನಂತರ ಒಂದು ಉದ್ದ ಸೀಟಿ ಕೇಳಿದರೆ ತುರ್ತು ಸಂಕೇತ.

ನಡುಸಮುದ್ರದಲ್ಲಿ ಕಾಯಿಲೆ ಬಿದ್ದರೆ? — ಮಂಡ್ಯ

ಹಡಗಿನಲ್ಲಿ ವೈದ್ಯರು, ದಾದಿಯರು, ಸಣ್ಣ ಆಸ್ಪತ್ರೆ ಇದೆ. ದುಡ್ಡು ಡಾಲರಿನಲ್ಲಿ, ಬಿಲ್ ಮೊದಲು ನೀವೇ ಕಟ್ಟಬೇಕು. ಸಾಗರದ ನಡುವೆ ಹೆಲಿಕಾಪ್ಟರ್ ಬರುವಷ್ಟು ದಡ ಹತ್ತಿರವಿರುವುದಿಲ್ಲ. ಹಡಗೇ ನ್ಯೂಫೌಂಡ್‌ಲ್ಯಾಂಡ್ ಅಥವಾ ಹ್ಯಾಲಿಫ್ಯಾಕ್ಸ್ ಕಡೆಗೆ ತಿರುಗಬೇಕು. ಹಾಗಾಗಿ ವಿಮೆಯಲ್ಲಿ ಕ್ರೂಸ್ ಪ್ರಯಾಣ, ಹಳೆಯ ಕಾಯಿಲೆ, ತುರ್ತು ಸ್ಥಳಾಂತರ, ಈ ಮೂರೂ ಸೇರಿವೆ ಎಂದು ಪಾಲಿಸಿಯ ಒಳಪುಟ ಓದಿ ಖಚಿತಪಡಿಸಿಕೊಳ್ಳಿ.

ಕಾಯಿಲೆ, ಮಾತ್ರೆ, ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಇಂಗ್ಲಿಷಿನಲ್ಲಿ ಬರೆದ ಹಾಳೆ ಪರ್ಸಿನಲ್ಲಿರಲಿ. ಜೊತೆಗೆ ಬಂದವರು ಬಾಯಲ್ಲಿ ಹೇಳುವುದನ್ನು ನಿಮ್ಮ ಪರವಾಗಿ ಆ ಹಾಳೆ ಹೇಳಬೇಕು. ಮಾತ್ರೆಗಳು ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆ ಕ್ಯಾಬಿನ್ನಿಗೆ ಬರಲು ಗಂಟೆಗಟ್ಟಲೆ ಆಗುತ್ತದೆ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಹಡಗುಗಳಲ್ಲಿ ಹಬ್ಬುವ, ವಾಂತಿ ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ತಾಗುವುದಿಲ್ಲ.

ಮಂಗಳೂರಿನಿಂದಲೇ ಹತ್ತಲು ಆಗದೇ? — ಬಂಟ್ವಾಳ

ಪಣಂಬೂರಿಗೆ ಬರುವ ವಿದೇಶಿ ಪ್ರವಾಸಿ ಹಡಗುಗಳು ಸಾಮಾನ್ಯವಾಗಿ ಬೆಳಿಗ್ಗೆ ಬಂದು ಸಂಜೆಗೆ ಹೋಗುವಂಥವು. ಅಭ್ಯಾಸಕ್ಕೆ ಎರಡು ಮೂರು ರಾತ್ರಿ ಸಮುದ್ರದ ಮೇಲಿದ್ದು ನೋಡಬೇಕೆಂದರೆ ಮುಂಬೈಯಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವ ಹಡಗು ಹಿಡಿಯಿರಿ.

ನ್ಯೂಯಾರ್ಕ್ ತಲುಪುವ ದಿನ ಏನೇನು ಗಮನಿಸಬೇಕು? — ರೆಡಿಂಗ್, ಇಂಗ್ಲೆಂಡ್

ಹಿಂದಿನ ರಾತ್ರಿಯೇ ಪೆಟ್ಟಿಗೆಗಳನ್ನು ಕ್ಯಾಬಿನ್ ಹೊರಗೆ ಇಡಿಸುತ್ತಾರೆ. ಮರುದಿನದ ಬಟ್ಟೆ, ಪಾಸ್‌ಪೋರ್ಟ್, ಮಾತ್ರೆ ಒಳಗೇ ಉಳಿಸಿಕೊಳ್ಳಿ. ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ, ಬೆಳಿಗ್ಗೆ ಚಪ್ಪಲಿಯಿಲ್ಲದೆ ನಿಲ್ಲುವವರಿರುತ್ತಾರೆ. ಸಾಮಾನನ್ನು ತಾವೇ ಹೊತ್ತು ಇಳಿಯುವವರನ್ನು ಮೊದಲು ಬಿಡುತ್ತಾರೆ. ಒಬ್ಬರೇ ಎರಡು ದೊಡ್ಡ ಪೆಟ್ಟಿಗೆ ಎಳೆದುಕೊಂಡು ಇಳಿಯುವ ಸಾಹಸ ಮಾತ್ರ ಬೇಡ.

ನಸುಕಿಗೆ ಮುಂಚೆ, ನಾಲ್ಕೂವರೆಯ ಹೊತ್ತಿಗೆ, ಬೆಚ್ಚಗೆ ಹೊದ್ದು ಮೇಲಿನ ತೆರೆದ ಅಂಗಳಕ್ಕೆ ಹೋಗಿ. ವೆರಜಾನೊ ಸೇತುವೆಯ ಅಡಿ ಹಡಗಿನ ಚಿಮಣಿ ಕೆಲವೇ ಮೀಟರ್ ಅಂತರದಲ್ಲಿ ನುಸುಳುತ್ತದೆ. ಸೇತುವೆಯಡಿ ತೂರಲೆಂದೇ ಚಿಮಣಿಯ ಎತ್ತರವನ್ನು ಮಿತಿಗೊಳಿಸಿ ಕಟ್ಟಿದ್ದು. ಆಮೇಲೆ ಎಡಬದಿಗೆ ಬಂದರೆ ಲಿಬರ್ಟಿ ಪ್ರತಿಮೆ.

ಹಡಗು ನಿಲ್ಲುವುದು ಬ್ರೂಕ್ಲಿನ್‌ನ ರೆಡ್ ಹುಕ್‌ನಲ್ಲಿ, ಹತ್ತಿರದಲ್ಲಿ ಮೆಟ್ರೊ ಇಲ್ಲ. ಟ್ಯಾಕ್ಸಿಯ ಸಾಲಿಗೂ ವಲಸೆ ತಪಾಸಣೆಗೂ ಸೇರಿ ಎರಡು ಮೂರು ಗಂಟೆ ಹಿಡಿದೀತು. ಅಂದೇ ಮುಂದಿನ ವಿಮಾನವಿದ್ದರೆ ಮಧ್ಯಾಹ್ನ ಎರಡು ಗಂಟೆಯ ನಂತರದ್ದನ್ನು ಹಿಡಿಯಿರಿ. ನಿಮಗೆ ಎಷ್ಟು ದಿನ ಇರಲು ಬಿಟ್ಟಿದ್ದಾರೆ ಎಂಬುದನ್ನು ಅಮೆರಿಕ ಸರ್ಕಾರದ ಐ-94 ಜಾಲತಾಣದಲ್ಲಿ ಆ ವಾರವೇ ನೋಡಿ ಮುದ್ರಿಸಿಕೊಳ್ಳಿ. ವಾಪಸ್ಸೂ ಹಡಗಿನಲ್ಲೇ ಹೊರಟರೆ, ದೇಶ ಬಿಟ್ಟದ್ದಕ್ಕೆ ಸಾಕ್ಷಿಯಾಗಿ ಹಡಗಿನ ಟಿಕೆಟ್ ಮತ್ತು ಬೋರ್ಡಿಂಗ್ ಕಾಗದವನ್ನು ಜೋಪಾನವಾಗಿಡಿ.