ಮಂಡೇಲಾಗೆ ಚಡ್ಡಿ, ಕತ್ರಾಡಾಗೆ ಪ್ಯಾಂಟು

ಪ್ರಶ್ನೆ: ನೆಲ್ಸನ್ ಮಂಡೇಲಾ ಜೊತೆ ಜೈಲಿನಲ್ಲಿದ್ದ ಅಹ್ಮದ್ ಕತ್ರಾಡಾ ಭಾರತೀಯ ಮೂಲದವರು ಅಂತ ಓದಿದೆ. ಒಂದೇ ಜೈಲು, ಒಂದೇ ಶಿಕ್ಷೆ. ಆದರೂ ಅವರಿಗೆ ಮಂಡೇಲಾಗಿಂತ ಒಳ್ಳೆಯ ಬಟ್ಟೆ, ಊಟ ಸಿಗುತ್ತಿತ್ತಂತೆ. ನಿಜವೇ? ನಿಜವಾದರೆ ಅಂಥ ಹೋರಾಟಗಾರ ಅದನ್ನು ಹೇಗೆ ತೆಗೆದುಕೊಂಡರು? ಬೇಡ ಅನ್ನಬಹುದಿತ್ತಲ್ವಾ?
(ಓದುಗರೊಬ್ಬರು, ಹಾಸನ)

ಉತ್ತರ: ನಿಜ. ಬಟ್ಟೆಯಿಂದಲೇ ಶುರು ಮಾಡೋಣ.

1964ರ ಜೂನ್ 12ರಂದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದ ನ್ಯಾಯಾಲಯ, ಬಿಳಿಯರ ಸರ್ಕಾರ ಉರುಳಿಸಲು ಸಂಚು ಮಾಡಿದರು ಎಂಬ ರಿವೋನಿಯಾ ಮೊಕದ್ದಮೆಯಲ್ಲಿ ಎಂಟು ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರಲ್ಲಿ ಡೆನಿಸ್ ಗೋಲ್ಡ್‌ಬರ್ಗ್ ಬಿಳಿಯರು. ಅವರನ್ನು ಪ್ರಿಟೋರಿಯಾದಲ್ಲೇ ಬಿಳಿಯರ ಜೈಲಿನಲ್ಲಿ ಇಟ್ಟರು. ಜೊತೆಯಾಗಿ ಸಂಚು ಮಾಡಿದರು ಅಂತ ಶಿಕ್ಷೆ, ಆದರೆ ಜೊತೆಯಾಗಿ ಅದನ್ನು ಅನುಭವಿಸುವ ಹಾಗಿಲ್ಲ! ಉಳಿದ ಏಳು ಜನರನ್ನು ರಾತ್ರೋರಾತ್ರಿ ವಿಮಾನ ಹತ್ತಿಸಿ, ಕೇಪ್‌ಟೌನ್ ಎದುರಿಗೆ ಸಮುದ್ರದಲ್ಲಿರುವ ರಾಬೆನ್ ದ್ವೀಪಕ್ಕೆ ಸಾಗಿಸಿದರು.

ಅಲ್ಲಿ ಜೂನ್ ಅಂದರೆ ಚಳಿಗಾಲ. ಬಂದವರಿಗೆ ಜೈಲಿನ ಬಟ್ಟೆ ಹಂಚಿದರು. ಆರು ಜನರಿಗೆ ಚಡ್ಡಿ. ಒಬ್ಬರಿಗೆ ಮಾತ್ರ ಉದ್ದ ಪ್ಯಾಂಟು, ಕಾಲುಚೀಲ. ಆ ಒಬ್ಬರೇ ಕತ್ರಾಡಾ. ಏಳು ಜನರಲ್ಲಿ ಅವರೇ ಎಲ್ಲರಿಗಿಂತ ಚಿಕ್ಕವರು, ಆಗ 34 ವರ್ಷ. ಮಂಡೇಲಾಗೆ 45. ವಾಲ್ಟರ್ ಸಿಸುಲುಗೆ 52, ಗೋವನ್ ಎಂಬೆಕಿಗೆ 53. ಚಿಕ್ಕಪ್ಪ, ದೊಡ್ಡಪ್ಪ ಅಂತ ಕರೆಯಬೇಕಾದ ಹಿರಿಯರು ಮೊಣಕಾಲು ಬಿಟ್ಟುಕೊಂಡು ಚಳಿಯಲ್ಲಿ ನಿಂತಿದ್ದಾರೆ, ಇವರು ಪ್ಯಾಂಟು ಹಾಕಿಕೊಂಡಿದ್ದಾರೆ. ಕತ್ರಾಡಾಗೆ ಹೇಗಾಗಿರಬೇಡ?

ಇದು ಸುಮ್ನೆ ಯಾರೋ ಜೈಲರ್ ಮಾಡಿದ ಕಿತಾಪತಿ ಅಲ್ಲ, ಜೈಲಿನ ನಿಯಮವೇ ಹಾಗಿತ್ತು. ವರ್ಣಭೇದ ಸರ್ಕಾರ ಜನರನ್ನು ಬಿಳಿಯರು, ಮಿಶ್ರ ವರ್ಣದವರು, ಭಾರತೀಯರು, ಕರಿಯರು ಅಂತ ವಿಂಗಡಿಸಿತ್ತು. ಕರಿಯ ಗಂಡಸಿಗೆ ಎಷ್ಟೇ ವಯಸ್ಸಾಗಿದ್ದರೂ ಬಿಳಿಯರ ಬಾಯಲ್ಲಿ ಅವನು ‘ಹುಡುಗ’. ಹುಡುಗನಿಗೆ ಚಡ್ಡಿ ಸಾಕು. ಊಟದಲ್ಲೂ ಅದೇ ಲೆಕ್ಕ. ಭಾರತೀಯರಿಗೆ, ಮಿಶ್ರ ವರ್ಣದವರಿಗೆ ಬ್ರೆಡ್ ಇತ್ತು. ಕರಿಯರಿಗೆ ಬ್ರೆಡ್ಡೇ ಇಲ್ಲ, ಮೆಕ್ಕೆಜೋಳದ ಗಂಜಿ. ಸಕ್ಕರೆಯಲ್ಲೂ ಅವರಿಗೆ ಕಡಿಮೆ. ಕುಳಿತು ಯಾರೋ ಒಬ್ಬ ಅಧಿಕಾರಿ ಬಣ್ಣ ನೋಡಿ ಸಕ್ಕರೆಯ ಪಟ್ಟಿ ಬರೆದಿದ್ದಾನಲ್ಲ, ನನಗೆ ಲಾಠಿ, ಬಂದೂಕಿಗಿಂತ ಆ ಪಟ್ಟಿಯೇ ಜಾಸ್ತಿ ಭಯ ಹುಟ್ಟಿಸುತ್ತದೆ.

ಈಗ ನಿಮ್ಮ ‘ಬೇಡ ಅನ್ನಬಹುದಿತ್ತಲ್ವಾ’ಗೆ ಬರೋಣ. ಕತ್ರಾಡಾಗೂ ಮೊದಲು ಹಾಗೇ ಅನ್ನಿಸಿತ್ತು. ತಡೆದವರು ಮಂಡೇಲಾ. ಸಿಕ್ಕಿದ್ದನ್ನು ಬಿಟ್ಟುಕೊಟ್ಟು ಸಮಾನರಾಗುವುದು ಬೇಡ, ಎಲ್ಲರಿಗೂ ಅದೇ ಸಿಗಬೇಕು ಅಂತ ಜಗಳ ಆಡೋಣ ಅನ್ನುವುದು ಅವರ ವಾದ. ನನಗಂತೂ ಇದು ಸರಿ ಅನ್ನಿಸುತ್ತದೆ. ಕತ್ರಾಡಾ ಚಡ್ಡಿ ಹಾಕಿಕೊಂಡಿದ್ದರೆ ಜೈಲಿನವರಿಗೆ ಒಂದು ಪ್ಯಾಂಟು ಉಳಿಯುತ್ತಿತ್ತು, ಅಷ್ಟೇ. ದೂರು, ಜಗಳ ನಿಲ್ಲಲಿಲ್ಲ. ಮೊದಲು ಎಲ್ಲರಿಗೂ ಪ್ಯಾಂಟು ಬಂತು. ಬ್ರೆಡ್ಡಿಗೆ ಇನ್ನೂ ಎಷ್ಟೋ ವರ್ಷ ಕಾಯಬೇಕಾಯಿತು.

ಹಾಗಂತ ಭಾರತೀಯರು ಅಲ್ಲಿ ಸುಖವಾಗಿದ್ದರು ಅಂದುಕೊಳ್ಳಬೇಡಿ. ಕತ್ರಾಡಾ ಅವರ ತಂದೆ ತಾಯಿ ಗುಜರಾತಿನ ಸೂರತ್ ಕಡೆಯ ಲಾಜಪುರದಿಂದ ಹೋದವರು. ಶ್ವೈಟ್ಸರ್ ರೆನೆಕೆ ಎಂಬ ಸಣ್ಣ ಊರಲ್ಲಿ ಅಂಗಡಿ ಇಟ್ಟಿದ್ದರು. 1929ರಲ್ಲಿ ಮಗ ಹುಟ್ಟಿದ್ದು ಅಲ್ಲೇ. ಊರಲ್ಲಿ ಬಿಳಿಯರ ಶಾಲೆ ಇತ್ತು, ಕರಿಯರ ಶಾಲೆಯೂ ಇತ್ತು. ಭಾರತೀಯರ ಮಗುವಿಗೆ ಎರಡರಲ್ಲೂ ಪ್ರವೇಶ ಇಲ್ಲ. ಎಂಟು ವರ್ಷದ ಹುಡುಗನನ್ನು ಅಪ್ಪ ಅಮ್ಮ ದೂರದ ಜೋಹಾನ್ಸ್‌ಬರ್ಗ್‌ಗೆ ಕಳಿಸಬೇಕಾಯಿತು. 1946ರಲ್ಲಿ ಭಾರತೀಯರು ಎಲ್ಲಿ ಮನೆ, ಜಮೀನು ಕೊಳ್ಳಬಹುದು ಅಂತ ಗೆರೆ ಎಳೆಯುವ ಕಾನೂನು ಬಂತು. (ಆ ವಿಷಯವನ್ನು ಭಾರತ ಅದೇ ವರ್ಷ ವಿಶ್ವಸಂಸ್ಥೆಗೆ ಒಯ್ದಿತ್ತು. ನಮಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ, ನೋಡಿ.) ಕತ್ರಾಡಾ ಶಾಲೆ ಬಿಟ್ಟು ಸತ್ಯಾಗ್ರಹಕ್ಕೆ ಇಳಿದರು. 17ನೇ ವಯಸ್ಸಿಗೆ ಡರ್ಬನ್‌ನಲ್ಲಿ ಒಂದು ತಿಂಗಳ ಜೈಲು.

ಜೋಹಾನ್ಸ್‌ಬರ್ಗ್‌ನ ಖೋಲ್ವಾಡ್ ಹೌಸ್ ಕಟ್ಟಡದಲ್ಲಿ 13ನೇ ನಂಬರಿನ ಫ್ಲ್ಯಾಟು ಅವರದ್ದು. ಮಂಡೇಲಾ ಅವರ ವಕೀಲಿ ಕಚೇರಿ ಮುಚ್ಚಿದ ಮೇಲೆ ಕಕ್ಷಿದಾರರೆಲ್ಲ ಈ ಫ್ಲ್ಯಾಟಿಗೇ ಬರತೊಡಗಿದರು. ಕೊನೆಗೆ ಮನೆಯ ಯಜಮಾನನಿಗೆ ಉಳಿದದ್ದು ಅಡುಗೆಮನೆ ಮಾತ್ರ! 1963ರಲ್ಲಿ ಭೂಗತರಾದಾಗ ಕೂದಲಿಗೆ ಕೆಂಪು ಬಣ್ಣ ಹಾಕಿಕೊಂಡು, ಪೆಡ್ರೋ ಎಂಬ ಪೋರ್ಚುಗೀಸರವನ ವೇಷದಲ್ಲಿ ಓಡಾಡಿದರು. ಜುಲೈ 11ರಂದು ಹೋರಾಟಗಾರರ ಅಡಗುತಾಣವಾಗಿದ್ದ ರಿವೋನಿಯಾದ ಲಿಲೀಸ್‌ಲೀಫ್ ತೋಟದ ಮನೆಗೆ ಡ್ರೈಕ್ಲೀನಿಂಗ್ ವ್ಯಾನ್ ಒಂದು ಬಂತು. ಒಳಗಿದ್ದದ್ದು ಪೊಲೀಸರು.

ಮೊಕದ್ದಮೆಯಲ್ಲಿ ನಾಲ್ಕು ಆರೋಪಗಳಿದ್ದವು. ಕತ್ರಾಡಾ ಮೇಲೆ ಸಾಬೀತಾಗಿದ್ದು ಒಂದೇ. ಮೇಲ್ಮನವಿ ಹಾಕಿದರೆ ಗೆಲ್ಲಬಹುದು ಅಂತ ವಕೀಲರು ಹೇಳಿದರು. ಅವರು ಹಾಕಲಿಲ್ಲ. ಸಕ್ಕರೆ, ಬ್ರೆಡ್ಡಿನ ವಿಷಯದಲ್ಲಿ ಅವರನ್ನು ಅಳೆಯುವ ಮೊದಲು ನಾನಾದರೆ ಇದನ್ನು ನೆನೆಯುತ್ತೇನೆ. ಬೇಡ ಅನ್ನಬೇಕಾದದ್ದನ್ನು ಅವರು ಇಲ್ಲಿ ಅಂದಿದ್ದರು.

ಜೈಲಿನೊಳಗೆ ಅವರು ಮಾಡಿದ ದೊಡ್ಡ ಕೆಲಸ ಇನ್ನೊಂದಿದೆ. 70ರ ದಶಕದ ನಡುವೆ ಮಂಡೇಲಾ ಕದ್ದುಮುಚ್ಚಿ ತಮ್ಮ ಆತ್ಮಕಥೆ ಬರೆಯತೊಡಗಿದರು. ರಾತ್ರಿ ಬರೆದ ಹಾಳೆಗಳು ಕತ್ರಾಡಾ ಮತ್ತು ಸಿಸುಲು ಕೈಗೆ ಹೋಗುತ್ತಿದ್ದವು. ಇವರು ಓದಿ, ಪಕ್ಕದಲ್ಲಿ ತಿದ್ದುಪಡಿ ಬರೆಯುತ್ತಿದ್ದರು. ಅದನ್ನು ಜೊತೆಯ ಕೈದಿಗಳಾದ ಮ್ಯಾಕ್ ಮಹಾರಾಜ್, ಲಾಲೂ ಚಿಬಾ ಇಬ್ಬರೂ ಇರುವೆ ಸಾಲಿನಂಥ ಅಕ್ಷರದಲ್ಲಿ ನಕಲು ಮಾಡುತ್ತಿದ್ದರು. ಬಿಡುಗಡೆಯಾದಾಗ ಮಹಾರಾಜ್ ಆ ನಕಲನ್ನು ಹೊರಗೆ ಸಾಗಿಸಿದರು. ಮೂಲ ಹಾಳೆಗಳನ್ನು ಜೈಲಿನ ಅಂಗಳದಲ್ಲೇ ಹೂತಿದ್ದರು. ಅಲ್ಲಿ ಗೋಡೆ ಕಟ್ಟಲು ಅಗೆದಾಗ ಒಂದಿಷ್ಟು ಸಿಕ್ಕಿಬಿತ್ತು. ಹಾಳೆಯ ಅಂಚಿನಲ್ಲಿ ಕತ್ರಾಡಾ, ಸಿಸುಲು ಅವರ ಅಕ್ಷರವೂ ಇತ್ತಲ್ಲ! ಮೂವರಿಗೂ ನಾಲ್ಕು ವರ್ಷ ಓದುವ ಅವಕಾಶ ಕಿತ್ತುಕೊಂಡರು. ಆದರೂ ಜೈಲಿನಿಂದಲೇ ಕತ್ರಾಡಾ ನಾಲ್ಕು ಪದವಿ ಮುಗಿಸಿದ್ದಾರೆ.

ಜೈಲಿನಲ್ಲಿ ಅತಿ ಹೆಚ್ಚು ಕಾಡಿದ್ದು ಏನು ಅಂತ ಕೇಳಿದವರಿಗೆ ಅವರು ಊಟ, ಬಟ್ಟೆ ಯಾವುದನ್ನೂ ಹೇಳುತ್ತಿರಲಿಲ್ಲ. ಮಕ್ಕಳು ಅನ್ನುತ್ತಿದ್ದರು. ಸುಮಾರು 20 ವರ್ಷ ಅವರು ಒಂದು ಮಗುವನ್ನೂ ಕಣ್ಣಲ್ಲಿ ನೋಡಿರಲಿಲ್ಲ.

ಪ್ರಶ್ನೆ: ಬಿಡುಗಡೆಯಾದ ಮೇಲೆ ಏನಾದರು? ಮಂಡೇಲಾ ಆಪ್ತರಾಗಿದ್ದರೂ ಮಂತ್ರಿ ಆಗಲಿಲ್ಲ ಯಾಕೆ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: 1982ರಲ್ಲಿ ಅವರನ್ನು ದ್ವೀಪದಿಂದ ಪೋಲ್ಸ್‌ಮೂರ್ ಜೈಲಿಗೆ ಬದಲಾಯಿಸಿದ್ದರು. 1989ರ ಅಕ್ಟೋಬರ್‌ನಲ್ಲಿ ಒಂದು ದಿನ ಅಧಿಕಾರಿ ಬಂದು, ನಾಳೆ ನಿಮ್ಮ ಬಿಡುಗಡೆ ಅಂತ ಫ್ಯಾಕ್ಸ್ ಬಂದಿದೆ ಎಂದರು. ಕತ್ರಾಡಾ ಕೇಳಿದ ಮೊದಲ ಪ್ರಶ್ನೆ: ಫ್ಯಾಕ್ಸ್ ಅಂದರೇನು? ಒಳಗೆ ಹೋಗಿ 26 ವರ್ಷ ಆಗಿತ್ತು.

1994ರ ಚುನಾವಣೆಯಲ್ಲಿ ಸಂಸದರಾದರು. ಮಂಡೇಲಾ ಇವರನ್ನು ಮಂತ್ರಿ ಅಂತ ಹೆಸರಿಸಿದ್ದೂ ಹೌದು. ಖಾತೆ ಯಾವುದು ಗೊತ್ತಾ? ಬಂದೀಖಾನೆ! ಆದರೆ ಸಮ್ಮಿಶ್ರ ಸರ್ಕಾರದಲ್ಲಿ ಇಂಕಾಥಾ ಪಕ್ಷಕ್ಕೂ ಖಾತೆಗಳನ್ನು ಕೊಡಬೇಕಿತ್ತು. ಕತ್ರಾಡಾ ಹಿಂದೆ ಸರಿದರು, ಖಾತೆ ಆ ಪಕ್ಷಕ್ಕೆ ಹೋಯಿತು. ಇವರು ಅಧ್ಯಕ್ಷರ ಸಂಸದೀಯ ಸಲಹೆಗಾರರಾಗಿ ಮಂಡೇಲಾ ಪಕ್ಕದಲ್ಲೇ ಐದು ವರ್ಷ ಕೆಲಸ ಮಾಡಿದರು. 1999ರಲ್ಲಿ ಮಂಡೇಲಾ ಅಧಿಕಾರ ಬಿಟ್ಟಾಗ ಇವರೂ ಸಂಸತ್ತು ಬಿಟ್ಟರು. ಆಮೇಲೆ ರಾಬೆನ್ ದ್ವೀಪದ ವಸ್ತುಸಂಗ್ರಹಾಲಯದ ಕೆಲಸ. ಬಂದ ಗಣ್ಯರಿಗೆಲ್ಲ ಜೈಲು ತೋರಿಸುವುದು. 2013ರಲ್ಲಿ ಒಬಾಮಾ ಕುಟುಂಬಕ್ಕೂ ಇವರೇ ತೋರಿಸಿದರು. ಕಿರಿಯರೆಲ್ಲ ಅವರನ್ನು ‘ಅಂಕಲ್ ಕ್ಯಾಥಿ’ ಅಂತಿದ್ದರು.

ಅಧಿಕಾರದ ಆಸೆ ಕಡಿಮೆ ಇದ್ದವರ ಮಾತಿಗೆ ತೂಕ ಜಾಸ್ತಿ ಇರುತ್ತದೆ ಅನ್ನುವುದು 2016ರಲ್ಲಿ ಕಾಣಿಸಿತು. ಅಧ್ಯಕ್ಷ ಜೇಕಬ್ ಜುಮಾ ಅವರ ಎನ್ಕಾಂಡ್ಲಾದ ಸ್ವಂತ ಮನೆಗೆ ಸರ್ಕಾರದ ಹಣ ಖರ್ಚಾಗಿತ್ತು. ಆ ವಿಷಯದಲ್ಲಿ ಜುಮಾ ಸಂವಿಧಾನವನ್ನು ಎತ್ತಿಹಿಡಿಯಲಿಲ್ಲ ಅಂತ ಮಾರ್ಚ್ 31ರಂದು ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿತು. ಜುಮಾ ಕೂಡ ರಾಬೆನ್ ದ್ವೀಪದಲ್ಲಿ 10 ವರ್ಷ ಕಳೆದವರೇ. ಪಕ್ಷದ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಇಬ್ಬರದ್ದೂ ಅದೇ) ಭಿನ್ನಾಭಿಪ್ರಾಯವನ್ನು ಬೀದಿಗೆ ತರಬಾರದು ಅಂತ ಜೀವನಪೂರ್ತಿ ಪಾಲಿಸಿಕೊಂಡು ಬಂದಿದ್ದ ಕತ್ರಾಡಾ, 86ನೇ ವಯಸ್ಸಿನಲ್ಲಿ ಆ ಪಾಲನೆ ಮುರಿದರು. ಜನರ ಮಾತಿಗೆ ತಲೆಬಾಗಿ ರಾಜೀನಾಮೆ ಕೊಡಿ ಅಂತ ಬಹಿರಂಗ ಪತ್ರ ಬರೆದರು.

ಉತ್ತರ ಬರಲಿಲ್ಲ. 2017ರ ಮಾರ್ಚ್ 28ರಂದು ಕತ್ರಾಡಾ ತೀರಿಕೊಂಡರು. ಮರುದಿನ ಅಂತ್ಯಕ್ರಿಯೆ. ಕುಟುಂಬದವರ ಇಚ್ಛೆಯಂತೆ ಜುಮಾ ಅಲ್ಲಿಗೆ ಬರಲಿಲ್ಲ. ಮಾಜಿ ಅಧ್ಯಕ್ಷ ಖಲೇಮಾ ಮೋಟ್ಲಾಂಟೆ ಎದ್ದು ನಿಂತು ಆ ಪತ್ರವನ್ನೇ ಓದಿದರು. ಜನ ಎದ್ದು ಚಪ್ಪಾಳೆ ತಟ್ಟಿದರು. ಹಣಕಾಸು ಮಂತ್ರಿ ಪ್ರವೀಣ್ ಗೋರ್ಧನ್ ಅವರೂ ಅಲ್ಲೇ ಕುಳಿತಿದ್ದರು. ಮಾರನೇ ದಿನ ನಡುರಾತ್ರಿ ಹೊತ್ತಿಗೆ ಗೋರ್ಧನ್ ಅವರನ್ನು ಜುಮಾ ಸಂಪುಟದಿಂದ ತೆಗೆದುಹಾಕಿದರು.