ಸಂಗ್ರಾಹಕರ ಸಂದೇಹ: ಕಾಲು ಮುರಿದ ‘ಆರ್’

ಪ್ರಶ್ನೆ: ಮಗಳ ಮನೆಗೆಂದು ಓಹಿಯೋಗೆ ಬಂದು ಮೂರು ತಿಂಗಳಾಯಿತು. ಹಿಂದಿನ ಬೀದಿಯ ಗರಾಜ್ ಸೇಲಿನಲ್ಲಿ ಅಳಿಯ ಒಂದು ಶೂ ಡಬ್ಬಿ ತುಂಬ ಆಟಗಾರರ ಚಿತ್ರವಿರುವ, ಟಾಪ್ಸ್ ಕಂಪನಿಯ 1958ರ ಬೇಸ್‌ಬಾಲ್ ಕಾರ್ಡು ತಂದ. ನನಗೆ ಆ ಆಟದ ಗಂಧಗಾಳಿ ಇಲ್ಲ. ಮೂವತ್ತು ವರ್ಷ ಪ್ರೂಫ್ ತಿದ್ದಿದವನು, ಹೊತ್ತು ಹೋಗದೆ ಅಕ್ಷರ ನೋಡುತ್ತ ಕೂತೆ. ಒಬ್ಬನೇ ಪಿಚರ್‌ನ (ಚೆಂಡು ಎಸೆಯುವವನ) ಎರಡು ಕಾರ್ಡು ಸಿಕ್ಕವು. ಒಂದರಲ್ಲಿ ಹೆಸರಿನ ಕೊನೆಯ ‘ಆರ್’ ನೆಟ್ಟಗಿದೆ. ಇನ್ನೊಂದರಲ್ಲಿ ಅದರ ಬಲಗಾಲೇ ಇಲ್ಲ, ‘ಪಿ’ ಎಂದು ಓದಿಸುತ್ತದೆ. ಅಳಿಯ ಹುಡುಕಿದ ಯಾವ ಪಟ್ಟಿಯಲ್ಲೂ ಇದರ ಸುಳಿವಿಲ್ಲವಂತೆ. ಇದು ಹೊಸ ವೇರಿಯೇಷನ್ನೇ, ಅಂದರೆ ಒಂದೇ ಕಾರ್ಡಿನ ಬೇರೆ ಬಗೆಯೇ? ನಾಳೆಯೇ ಗ್ರೇಡಿಂಗಿಗೆ, ಅಂದರೆ ಕಾರ್ಡು ಪರೀಕ್ಷಿಸಿ ದರ್ಜೆ ಕೊಡುವ ಕಂಪನಿಗೆ, ಕಳಿಸಬೇಕೆಂದು ಅವನ ಆತುರ.

ಉತ್ತರ: ಅಳಿಯಂದಿರಿಗೆ ಸ್ವಲ್ಪ ತಡೆಯಲು ಹೇಳಿ. ಆಟಗಾರನ ಹೆಸರನ್ನು ನೀವು ಪತ್ರದಲ್ಲಿ ಬರೆದಿದ್ದೀರಿ, ನಾನು ಬೇಕೆಂದೇ ತೆಗೆದಿದ್ದೇನೆ. ಕಾರಣ ಮುಂದೆ ಹೇಳುತ್ತೇನೆ.

ನಾನು ಷಿಕಾಗೋದ ಒಂದು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಆಫ್‌ಸೆಟ್ ಮಿಷನ್ ಓಡಿಸಿದವನು. ಪ್ರೂಫ್ ನೋಡುವವರಿಗೂ ಮಿಷನ್ ಓಡಿಸುವವರಿಗೂ ಎಲ್ಲ ಊರಲ್ಲೂ ಜಗಳವೇ: ಅಕ್ಷರ ಬಿಟ್ಟರೆ ನಿಮ್ಮ ತಪ್ಪೋ ನಮ್ಮ ತಪ್ಪೋ ಅಂತ. ನಿಮ್ಮ ಕಾರ್ಡಿನ ಪ್ರಶ್ನೆಯೂ ಅದೇ. ಕಾಲು ಹೋಗಿದ್ದು ಪ್ಲೇಟಿನಲ್ಲೋ, ಮಿಷನ್ನಿನಲ್ಲೋ, ಅಥವಾ ಆಮೇಲೆ ಯಾರದೋ ಮನೆಯಲ್ಲೋ?

ಕೊನೆಯದನ್ನು ಮೊದಲು ನೋಡಿ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ತನ್ನಿ, ಟೇಬಲ್ ಲ್ಯಾಂಪನ್ನು ಪಕ್ಕಕ್ಕೆ ಇಳಿಸಿ, ಬೆಳಕು ಕಾರ್ಡಿನ ಮೇಲೆ ಅಡ್ಡ ಬೀಳಬೇಕು. ಕಾಲು ಇರಬೇಕಿದ್ದ ಜಾಗದಲ್ಲಿ ಕಾಗದದ ನಾರು ಎದ್ದಿದೆಯೇ? ಹೊಳಪು ಸತ್ತಿದೆಯೇ? ಹಾಗಿದ್ದರೆ ಯಾರೋ ಕೆರೆದಿದ್ದಾರೆ ಅಥವಾ ಉಜ್ಜಿ ಹೋಗಿದೆ. ಮೇಲ್ಮೈ ನುಣ್ಣಗಿದ್ದು, ಹಿನ್ನೆಲೆಯ ಬಣ್ಣ ಪಕ್ಕದಲ್ಲಿರುವಂತೆಯೇ ಅಲ್ಲೂ ಹರಡಿಕೊಂಡಿದ್ದರೆ, ಮುದ್ರಣವಾಗಿದ್ದೇ ಹಾಗೆ.

ಈ ಪಾಠಕ್ಕೆ ನಾನು 40 ಡಾಲರ್ ಶುಲ್ಕ ಕಟ್ಟಿದ್ದೇನೆ. 1962ರ ಟಾಪ್ಸ್ ಕಾರ್ಡು, ಮರದ ಹಲಗೆಯಂಥ ಅಂಚು ಇರುವವು, ನಿಮ್ಮ ಡಬ್ಬಿಯಲ್ಲೂ ಒಂದೆರಡು ಸೇರಿಕೊಂಡಿರಬಹುದು. ಆ ವರ್ಷದ ಎರಡನೇ ಕಂತಿನ ಕಾರ್ಡುಗಳು, ಅಂದರೆ 110ರಿಂದ 196, ಎರಡು ಬಗೆಯಲ್ಲಿ ಸಿಗುತ್ತವೆ: ಒಂದು ಮಾಮೂಲಿ, ಇನ್ನೊಂದು ಹಸಿರು ಛಾಯೆಯದು. ಕೆಲವದರಲ್ಲಿ ಫೋಟೋನೇ ಬೇರೆ. ವಾಲಿ ಮೂನ್ ಒಂದರಲ್ಲಿ ಟೋಪಿ ಹಾಕಿದ್ದಾನೆ, ಇನ್ನೊಂದರಲ್ಲಿ ಬರಿತಲೆ. ಇದನ್ನು ಓದಿಕೊಂಡಿದ್ದ ನಾನು ಬೇರೆ ಕಂತಿನ ಒಂದು ಕಾರ್ಡು ಹಸಿರಾಗಿ ಕಂಡದ್ದೇ ತಡ, ಹೊಸ ಖಂಡ ಕಂಡವನಂತೆ ದುಡ್ಡು ಬಿಚ್ಚಿದೆ. ಮನೆಗೆ ತಂದು ಲೂಪ್ ಹಿಡಿದರೆ ಎಡ ಅಂಚಿನಲ್ಲಿ ಕೂದಲೆಳೆಯಷ್ಟು ಅಗಲದ ಪಟ್ಟಿ ಒಳ್ಳೆ ಕೆಂಪು ಕಂದು ಬಣ್ಣದಲ್ಲಿ ಉಳಿದಿತ್ತು. ಅಷ್ಟು ಭಾಗವನ್ನು ಫ್ರೇಮು ಮುಚ್ಚಿತ್ತು! ಉಳಿದದ್ದು ಯಾವುದೋ ಕಿಟಕಿಯಲ್ಲಿ ವರ್ಷಗಟ್ಟಲೆ ಬಿಸಿಲು ಕುಡಿದಿತ್ತು. ಬಿಸಿಲಿಗೆ ಮೊದಲು ಸೋಲುವುದು ಹಳದಿ ಮತ್ತು ಮಜೆಂಟಾ ಇಂಕು. ನೀಲಿ, ಕಪ್ಪು ಗಟ್ಟಿಯಾಗಿ ಕೂತಿರುತ್ತವೆ. ‘ಕೆಂಪು ಇಲ್ಲದ ಅಪರೂಪದ ಕಾರ್ಡು’ ಎಂದು ಯಾರಾದರೂ ತೋರಿಸಿದರೆ ಈಗ ನಾನು ಅಂಚನ್ನೇ ಮೊದಲು ನೋಡುವುದು.

ನಿಮ್ಮದು ಕೆರೆದದ್ದಲ್ಲ ಎಂದಿಟ್ಟುಕೊಳ್ಳೋಣ. ಆಗ ಅಸಲು ಪ್ರಶ್ನೆ: ಒಂದು ಹಾಳೆಯ ಕತೆಯೋ, ಸಾವಿರ ಹಾಳೆಯ ಕತೆಯೋ? ಮಿಷನ್ ಓಡುವಾಗ ಬ್ಲಾಂಕೆಟ್, ಅಂದರೆ ಪ್ಲೇಟಿನಿಂದ ಇಂಕು ತೆಗೆದುಕೊಂಡು ಕಾಗದಕ್ಕೆ ಒತ್ತುವ ರಬ್ಬರ್ ಹೊದಿಕೆಯ ಮೇಲೆ ಕಾಗದದ ಚೂರೊಂದು ಕೂತರೆ ಅಲ್ಲಿ ಇಂಕು ಹತ್ತುವುದಿಲ್ಲ. ಇಪ್ಪತ್ತು ಹಾಳೆಯಾದ ಮೇಲೆ ಚೂರು ತಾನೇ ಉದುರಿ ಹೋಗಬಹುದು, ಆಪರೇಟರ್ ಟೀ ಕುಡಿಯಲು ಹೋಗಿದ್ದರೆ ಎರಡು ಸಾವಿರವೂ ಆಗಬಹುದು. ನಾನು ಹೋಗಿದ್ದುಂಟು.

ನಿಮ್ಮ 1958ರ ಸೆಟ್ಟಿನಲ್ಲೇ ಇದಕ್ಕೆ ಅಣ್ಣನೊಬ್ಬ ಇದ್ದಾನೆ. 433ನೇ ಕಾರ್ಡು, ಫಿಲಡೆಲ್ಫಿಯಾದ ಪಾಂಚೋ ಹೆರೆರಾ. ಕೆಲವೇ ಕಾರ್ಡುಗಳಲ್ಲಿ ಹೆಸರಿನ ಕೊನೆಯ ‘ಎ’ ಬಿದ್ದುಹೋಗಿ ‘ಹೆರೆರ್’ ಆಗಿದೆ. ಮಾಮೂಲಿ ಹೆರೆರಾ ಚಿಲ್ಲರೆ ದುಡ್ಡಿಗೆ ಸಿಗುತ್ತಾನೆ, ಬಾಲವಿಲ್ಲದ ಹೆರೆರ್‌ಗೆ ಸಾವಿರಗಟ್ಟಲೆ ಡಾಲರ್ ಸುರಿಯುವವರಿದ್ದಾರೆ. 1952ರ ಟಾಪ್ಸ್‌ನಲ್ಲಿ 307ನೆಯವನು ಫ್ರಾಂಕ್ ಕಾಂಪೋಸ್. ಮುಂಭಾಗದಲ್ಲಿ ಏನೂ ವಿಶೇಷವಿಲ್ಲ, ಹಿಂಭಾಗದಲ್ಲಿ ಎರಡು ಕೆಂಪು ನಕ್ಷತ್ರ. ಅಪರೂಪದ ಕಾರ್ಡಿನಲ್ಲಿ ಅದರಲ್ಲೊಂದು ಕಪ್ಪು, ಅಷ್ಟೇ. ಕಾರ್ಡಿನ ಬೆನ್ನು ನೋಡುವ ಚಟ ಇದ್ದವರಿಗೆ ಮಾತ್ರ ದಕ್ಕುವಂಥದ್ದು. ಹಾಗಾಗಿ ‘ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಬೆಲೆಯಿಲ್ಲ’ ಎನ್ನುವವರ ಮಾತು ಕೇಳಬೇಡಿ. ಪಟ್ಟಿ ಮಾಡಿದವರೂ ಕಣ್ಣಿಗೆ ಬಿದ್ದದ್ದನ್ನೇ ಬರೆದವರು. ಈ ಹವ್ಯಾಸದ ಮೊದಲ ದೊಡ್ಡ ಕ್ಯಾಟಲಾಗನ್ನು 1939ರಲ್ಲಿ ಹೊರತಂದ ಜೆಫರ್ಸನ್ ಬರ್ಡಿಕ್ ಒಬ್ಬ ಕಾರ್ಖಾನೆ ನೌಕರ. ಸಿಗರೇಟ್ ಪ್ಯಾಕಿನ ಜತೆ ಬರುತ್ತಿದ್ದ ಒಂದು ಹಳೆಯ ಕಾರ್ಡು ಸೆಟ್ಟಿಗೆ ಸಂಗ್ರಹಕಾರರು ಇವತ್ತಿಗೂ ಹೇಳುವ ‘ಟಿ206’ ಎಂಬ ಹೆಸರು ಅವನಿಟ್ಟದ್ದು.

ನೀವು ಮಾಡಬೇಕಾದದ್ದು ಒಂದೇ, ಅದೇ ಬೇಜಾರಿನ ಕೆಲಸ. ಕಾಲಿಲ್ಲದ ಇನ್ನೊಂದು ‘ಆರ್’ ಹುಡುಕಿ. ಅದೂ ಬೇರೆ ಡಬ್ಬಿಯಿಂದ, ಬೇರೆ ಊರಿನವರಿಂದ ಬಂದದ್ದಾಗಿರಬೇಕು. ಹರಾಜು ತಾಣಗಳಲ್ಲಿ ಹಳೆಯ ಮಾರಾಟದ ಚಿತ್ರಗಳು ಸಾಲು ಸಾಲಾಗಿ ಸಿಗುತ್ತವೆ. ಪ್ರೂಫ್ ತಿದ್ದಿದ ಕಣ್ಣಿಗೆ ದಿನಕ್ಕೆ ಇನ್ನೂರು ಕಾರ್ಡು ಲೆಕ್ಕಕ್ಕಿಲ್ಲ. ಎರಡನೆಯದು ಸಿಕ್ಕರೆ ಕಾಲು ತುಂಡಾದ ಜಾಗ ಕೂದಲೆಳೆಯಷ್ಟೂ ಆಚೀಚೆ ಆಗದೆ ಒಂದೇ ಇದೆಯೇ ನೋಡಿ. ಒಂದೇ ಇದ್ದರೆ ಅದು ಮರುಕಳಿಸಿದ ದೋಷ. ಕಾಲು ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಪೂರ್ತಿ ಹೋಗಿದ್ದರೆ ಇನ್ನೂ ಒಳ್ಳೆಯದು, ದೋಷ ಬೆಳೆಯುತ್ತಾ ಹೋದ ದಾರಿಯೇ ಸಿಕ್ಕಂತೆ.

ಜತೆಗೆ ಅಕ್ಕಪಕ್ಕದ ಮನೆಯವರನ್ನೂ ವಿಚಾರಿಸಿ. ಕಾರ್ಡು ಒಂಟಿಯಾಗಿ ಹುಟ್ಟುವುದಿಲ್ಲ, ದೊಡ್ಡ ಹಾಳೆಯಲ್ಲಿ ಹುಟ್ಟಿ ಆಮೇಲೆ ಕತ್ತರಿಗೆ ಸಿಗುತ್ತದೆ. ಇದಕ್ಕೆ ನನಗಿಷ್ಟವಾದ ಉದಾಹರಣೆ ಅಷ್ಟೇನೂ ಹಳೆಯದಲ್ಲ: 1990ರ ಟಾಪ್ಸ್, ನಂಬರ್ 414, ಫ್ರಾಂಕ್ ಥಾಮಸ್. ಕೆಲವು ಕಾರ್ಡುಗಳಲ್ಲಿ ಅವನ ಹೆಸರೇ ಇಲ್ಲ, ಪೆಟ್ಟಿಗೆ ಖಾಲಿ. ಹೆಸರು ಹಾಕಲು ಮರೆತರು ಎಂದುಕೊಳ್ಳುವುದು ಸುಲಭ. ಆದರೆ ಅದೇ ಹಾಳೆಯಲ್ಲಿ ಅವನ ನೆರೆಯಲ್ಲಿದ್ದವರ ಕಾರ್ಡುಗಳಲ್ಲೂ ಒಂದರಲ್ಲಿ ಅಂಚಿನ ಕಪ್ಪು ಗೆರೆ ತುಂಡಾಗಿದೆ, ಇನ್ನೊಂದರಲ್ಲಿ ಮೂಲೆ ಮಾಯ. ಅವನ್ನೆಲ್ಲ ಹಾಳೆಯಲ್ಲಿದ್ದ ಕ್ರಮದಲ್ಲಿ ಜೋಡಿಸಿದರೆ ಕಪ್ಪು ಬೀಳದ ಜಾಗ ಒಂದೇ ಕಲೆಯಾಗಿ ಎದ್ದು ಕಾಣುತ್ತದೆ. ಏನೋ ಒಂದು ಕಪ್ಪು ಇಂಕಿಗೆ ಅಡ್ಡ ಬಂದಿತ್ತು, ಥಾಮಸ್‌ನ ಹೆಸರು ಅದರ ಕೆಳಗೆ ಸಿಕ್ಕಿಬಿತ್ತು. ನೆರೆಯವರ ಸಾಕ್ಷಿಯಿಲ್ಲದಿದ್ದರೆ ಇದು ತಿಳಿಯುತ್ತಿರಲಿಲ್ಲ.

ಇಂಥ ಅಪಘಾತಕ್ಕೆ ‘ವೇರಿಯೇಷನ್’ ಎಂಬ ಗೌರವ ಸಲ್ಲುತ್ತದೆಯೇ? ಕಟ್ಟುನಿಟ್ಟಿನವರು ಇಲ್ಲ ಎನ್ನುತ್ತಾರೆ. ಕಂಪನಿಯೇ ಪ್ಲೇಟ್ ಬದಲಿಸಿದ್ದರೆ ಮಾತ್ರ ಅವರಿಗೆ ವೇರಿಯೇಷನ್. ಟಿ206ರಲ್ಲಿ ಆಟಗಾರ ಶೆರಿ ಮಗೀಯ ಹೆಸರಿನಲ್ಲಿ ‘ಇ’ ಬದಲು ‘ಐ’ ಬಿದ್ದು ಆಮೇಲೆ ತಿದ್ದಿದ್ದು ಅಂಥದ್ದು. 1974ರಲ್ಲಿ ಸ್ಯಾನ್ ಡಿಯೇಗೋ ತಂಡ ವಾಷಿಂಗ್ಟನ್ನಿಗೆ ಹೊರಟಿತೆಂದು ನಂಬಿ ಟಾಪ್ಸ್ ಹದಿನೈದು ಕಾರ್ಡುಗಳಲ್ಲಿ ಊರು ಬದಲಿಸಿ, ತಂಡ ಅಲ್ಲೇ ಉಳಿದಾಗ ಮತ್ತೆ ಸರಿಪಡಿಸಿದ್ದೂ ಅಷ್ಟೇ. ನಾನು ಅಷ್ಟು ಮಡಿವಂತನಲ್ಲ. ಬಾಲವಿಲ್ಲದ ಹೆರೆರ್‌ನನ್ನು ಒಪ್ಪಿದ ಮೇಲೆ ಕಾಲಿಲ್ಲದವನನ್ನು ಯಾವ ಮುಖ ಇಟ್ಟುಕೊಂಡು ಹೊರಗಿಡುವುದು?

ಗ್ರೇಡಿಂಗ್ ಕಂಪನಿಗಳು ತಾವು ಒಪ್ಪಿದ ವೇರಿಯೇಷನ್ನನ್ನಷ್ಟೇ ಲೇಬಲ್ಲಿನಲ್ಲಿ ಬರೆಯುತ್ತವೆ. ಈಗ ಕಳಿಸಿದರೆ ಶುಲ್ಕ ತೆಗೆದುಕೊಂಡು ಮಾಮೂಲಿ ಕಾರ್ಡೆಂದೇ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಾರೆ.

ಹೆಸರು ಏಕೆ ಮುದ್ರಿಸಲಿಲ್ಲ ಅಂದರೆ, ಇವತ್ತು ಆ ಪಿಚರ್‌ನ ಕಾರ್ಡು ಮೂರ್ನಾಲ್ಕು ಡಾಲರಿಗೆ ಸಿಗುತ್ತದೆ. ನಾನು ಹೆಸರು ಹಾಕಿದ ವಾರ ಸಿಗುವುದಿಲ್ಲ. ಸದ್ದಿಲ್ಲದೆ ಹುಡುಕಿ, ಎರಡನೆಯದು ಸಿಕ್ಕ ದಿನ ಎರಡರದ್ದೂ ಸ್ಕ್ಯಾನ್ ಕಳಿಸಿ. ಆಗ ಹಾಕೋಣ.

ಪ್ರಶ್ನೆ: ನನ್ನ ಬಳಿ 1952ರ ಟಾಪ್ಸ್‌ನ ಮಿಕ್ಕಿ ಮ್ಯಾಂಟಲ್ ಕಾರ್ಡು ಇದೆ. ಹಿಂಭಾಗದ ಚೆಂಡಿನ ಚಿತ್ರದಲ್ಲಿ ಹೊಲಿಗೆ ಗೆಳೆಯನ ಕಾರ್ಡಿನದ್ದಕ್ಕಿಂತ ಬೇರೆ ದಿಕ್ಕಿಗಿದೆ. ನನ್ನದು ನಕಲಿಯೇ?

ಉತ್ತರ: ಹೊಲಿಗೆಯ ದಿಕ್ಕಿನಿಂದ ಅದು ತೀರ್ಮಾನವಾಗದು. ಮ್ಯಾಂಟಲ್ ಇರುವುದು ಆ ವರ್ಷದ ಕೊನೆಯ ಕಂತಿನಲ್ಲಿ, ಅದು 311ರಿಂದ 407ರವರೆಗೆ, ಎಣಿಸಿದರೆ 97. ಹಾಳೆಯಲ್ಲಿ ನೂರು ಕಾರ್ಡಿಗೆ ಜಾಗ. ಉಳಿದ ಮೂರು ಮನೆಗೆ ಮ್ಯಾಂಟಲ್, ಜಾಕಿ ರಾಬಿನ್ಸನ್, ಬಾಬಿ ಥಾಮ್ಸನ್ ಈ ಮೂವರನ್ನು ಎರಡನೇ ಸಲ ಕೂರಿಸಿದರು, ಆ ಎರಡು ಚಿತ್ರಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸ ಉಳಿದುಕೊಂಡಿತು. ಎರಡೂ ಅಸಲಿಯೇ. ಆದರೆ ಅಳತೆ ಪಟ್ಟಿ ಹಿಡಿಯಿರಿ. ಅಸಲಿ ಕಾರ್ಡು 2⅝ ಅಂಗುಲ ಅಗಲ, 3¾ ಅಂಗುಲ ಉದ್ದ. ನಿಮ್ಮದು 2½ಕ್ಕೆ 3½ ಇದ್ದರೆ ಅದು ಆಮೇಲಿನ ಮರುಮುದ್ರಣ, ಟಾಪ್ಸ್ ತಾನೇ 1983ರಲ್ಲಿ ಮಾಡಿದಂಥದ್ದು. ನನಗೆ ಬರುವ ಮ್ಯಾಂಟಲ್‌ಗಳಲ್ಲಿ ಹೆಚ್ಚಿನವು ಅವೇ.

ಪ್ರಶ್ನೆ: 1959ರ ಲೂ ಬರ್ಡೆಟ್ ಕಾರ್ಡಿನಲ್ಲಿ ಬಲಗೈ ಪಿಚರ್ ಎಡಗೈಯವನಾಗಿದ್ದಾನೆ. ಇದು ಅಪರೂಪದ ವೇರಿಯೇಷನ್ನೇ?

ಉತ್ತರ: ಅಲ್ಲ. ಫೋಟೋ ತೆಗೆಯುವವನನ್ನು ಏಮಾರಿಸಲು ಅವನೇ ಎಡಗೈಗಾರನಂತೆ ನಿಂತ ತಮಾಷೆ ಅದು. ಎಲ್ಲ ಕಾರ್ಡೂ ಹಾಗೇ ಇವೆ.