ಪೋರ್ಟ್‌ಲ್ಯಾಂಡ್ ಬಿಲ್‌ಗೆ ವಲಸೆ ಹಕ್ಕಿ ನೋಡಲು ಯಾವ ದಿನ ಹೋಗಬೇಕು?

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲ್ಯಾಂಡ್‌ನ ತುದಿಗೆ, ಅಂದರೆ ಪೋರ್ಟ್‌ಲ್ಯಾಂಡ್ ಬಿಲ್‌ಗೆ, ಏಪ್ರಿಲ್‌ನಲ್ಲಿ ಬಿಸಿಲಿರುವ ಒಂದು ಶನಿವಾರ ನೋಡಿಕೊಂಡು ಲಂಡನ್ನಿಂದ ಹೋಗಿ ಬಂದರೆ ಸಾಕಾ ಅಂತ ಕೇಳಿದ್ದೀರಿ. ಬಿಸಿಲು ನೋಡಿ ಹೋಗಬೇಡಿ. ಆಗುವುದಾದರೆ ನಾಲ್ಕೈದು ದಿನ ಅಲ್ಲೇ ಉಳಿದುಕೊಂಡು ದಿನಾ ಬೆಳಿಗ್ಗೆ ನೋಡಿ.

ವಿಲೋ ವಾರ್ಬ್ಲರ್‌ನಂಥ ಪುಟ್ಟ ಹಕ್ಕಿಗಳು ಆಫ್ರಿಕಾದಿಂದ ಬರುವಾಗ ರಾತ್ರಿ ಹಾರುತ್ತವೆ. ಆಕಾಶ ತಿಳಿಯಾಗಿದ್ದು ಬೆನ್ನ ಹಿಂದಿನಿಂದ ಗಾಳಿ ಸಿಕ್ಕರೆ ಇಂಗ್ಲಿಷ್ ಚಾನೆಲ್ ದಾಟಿ, ಕರಾವಳಿಯಲ್ಲಿ ನಿಲ್ಲದೆ ಸೀದಾ ಒಳನಾಡಿಗೆ ಹೋಗಿಬಿಡುತ್ತವೆ. ಅದೇ ನಡುದಾರಿಯಲ್ಲಿ ಮೋಡ ಕವಿದು, ಜಿಟಿಜಿಟಿ ಮಳೆ ಹಿಡಿದು, ಗಾಳಿಯೂ ಎದುರಾಯಿತು ಅಂದರೆ ಸುಸ್ತಾಗಿ ಮೊದಲು ಸಿಕ್ಕ ನೆಲಕ್ಕೆ ಇಳಿಯುತ್ತವೆ. ಡಾರ್ಸೆಟ್‌ನಿಂದ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಪೋರ್ಟ್‌ಲ್ಯಾಂಡ್ ಎಷ್ಟೋ ಸಲ ಆ ಮೊದಲ ನೆಲ. ಅಂಥ ಬೆಳಿಗ್ಗೆ ಪೊದೆಪೊದೆಯಲ್ಲೂ ಹಕ್ಕಿ. ಹಿಂದಿನ ದಿನ ಅದೇ ಪೊದೆಯಲ್ಲಿ ಏನೂ ಇರಲಿಲ್ಲ ಅಂತ ಗೊತ್ತಿದ್ದವರಿಗೆ ಮಾತ್ರ ಅದರ ಬೆಲೆ ತಿಳಿಯುತ್ತದೆ, ಅಲ್ವಾ?

ಅಲ್ಲಿನ ಪಕ್ಷಿ ವೀಕ್ಷಣಾಲಯ 1961ರಿಂದ ಹಳೆಯ ದೀಪಸ್ತಂಭವೊಂದರಲ್ಲಿದೆ. ಉಳಿದುಕೊಳ್ಳಲು ಕೋಣೆಗಳಿವೆ, ಮೊದಲೇ ಕಾಯ್ದಿರಿಸಿ. ಬೆಳಿಗ್ಗೆ ಬಲೆಗೆ ಬಿದ್ದ ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸುವುದನ್ನು ತಪ್ಪಿಸಿಕೊಳ್ಳಬೇಡಿ. ಹಕ್ಕಿಯ ಕತ್ತನ್ನು ಎರಡು ಬೆರಳ ನಡುವೆ ಮೆಲ್ಲಗೆ ಹಿಡಿದು, ಹೊಟ್ಟೆಯ ಮೇಲೆ ಉಫ್ ಅಂತ ಊದುತ್ತಾರೆ. ಪುಕ್ಕ ಸರಿದು ತೆಳು ಚರ್ಮದಡಿ ಹಳದಿ ಕೊಬ್ಬು ಎಷ್ಟು ಉಳಿದಿದೆ ಅಂತ ಕಾಣುತ್ತದೆ. ಆಮೇಲೆ ಪುಟ್ಟ ಡಬ್ಬಿಯಲ್ಲಿ ತಲೆಕೆಳಗಾಗಿ ಇಳಿಸಿ ತೂಗುತ್ತಾರೆ. ಎಂಟೊಂಬತ್ತು ಗ್ರಾಂ, ಅಷ್ಟೇ! ಅಷ್ಟು ಹಗುರವಾದ ಜೀವ ಸಹಾರಾ ದಾಟಿ ಬಂದಿದೆ. ನನಗೆ ಈಗಲೂ ನೋಡಿದಾಗಲೆಲ್ಲ ಗಂಟಲು ಕಟ್ಟುತ್ತದೆ.

ಹಗಲಲ್ಲಿ ಬಾರ್ನ್ ಸ್ವಾಲೋಗಳು ಸಮುದ್ರದ ಮೇಲಿಂದ ತಗ್ಗಾಗಿ ಹಾರಿ ಬರುತ್ತವೆ. ಚಳಿಗಾಲದಲ್ಲಿ ನಮ್ಮೂರ ಗದ್ದೆ ಮೇಲೆ ಕಾಣುತ್ತದಲ್ಲ, ಅದೇ ಜಾತಿ, ಆದರೆ ಇವು ಚಳಿಗಾಲ ಕಳೆದದ್ದು ಆಫ್ರಿಕಾದಲ್ಲಿ.

ವೀಟಿಯರ್ ಎಂಬ ಪುಟ್ಟ ಹಕ್ಕಿ ನೋಡಬೇಕಿದ್ದರೆ ಮಾರ್ಚ್ ಕೊನೆಗೇ ಹೋಗಬಹುದು. ಚಮಚದಂಥ ಬಾಲದ ಕಡಲಹಕ್ಕಿ ಪೊಮರೈನ್ ಸ್ಕುವಾ ನೋಡುವ ಆಸೆಯಿದ್ದರೆ ಏಪ್ರಿಲ್ ಕೊನೆ, ಮೇ ಮೊದಲ ವಾರ. ಆಗ ಆಗ್ನೇಯ ಗಾಳಿ ಬೀಸುತ್ತಿದ್ದರೆ ಬೆಳಕು ಹರಿಯುವ ಮೊದಲೇ ತುದಿಯಲ್ಲಿ ಕೂತಿರಿ. ಒಮ್ಮೊಮ್ಮೆ ಗಂಟೆಗಟ್ಟಲೆ ಕಾದರೂ ಒಂದೂ ಬರುವುದಿಲ್ಲ. ಏನೂ ಬರದ ದಿನವನ್ನೂ ಬರೆದಿಡಿ, ಗಾಳಿಯ ದಿಕ್ಕಿನ ಸಮೇತ. ನಾಲ್ಕು ದಿನ ಹಾಗೆ ಬರೆದರೆ ಐದನೇ ದಿನ ಎಲ್ಲಿ ನಿಲ್ಲಬೇಕು ಅಂತ ನಿಮಗೇ ಗೊತ್ತಾಗುತ್ತದೆ. ಸ್ವೆಟರ್ ಜೊತೆ ಗಾಳಿ ತಡೆಯುವ ಜಾಕೆಟ್ಟೂ ಇರಲಿ, ಮೇ ತಿಂಗಳಲ್ಲೂ ಅಲ್ಲಿ ಚಳಿ ಜಾಸ್ತಿ.